ಮೊದಲನೇ ಕತ್ತಿ

ಮಂಗಳವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಯಲಬುರ್ಗಾದ ಸರ್ಕಾರಿ ಗುಮಾಸ್ತ ಗೋವಿಂದರಾಜ ಕನ್ನಡಿ ನೋಡಿಕೊಂಡ. ಮುಖದ ಮೇಲೆ ಇಪ್ಪತ್ತೆರಡು ದಿನದ ಗಡ್ಡವಿತ್ತು. ಮಧ್ಯಾಹ್ನ ಮೂರಕ್ಕೆ ಅಮೃತಾ ಬರುವವಳಿದ್ದಳು.

ಅಮೃತಾ ಕುಷ್ಟಗಿಯ ಹುಡುಗಿ. ದನದ ದವಾಖಾನೆಯಲ್ಲಿ ಪರಿವೀಕ್ಷಕಿ. ಹಿರಿಯರ ಮಾತುಕತೆ ಮುಗಿದಿತ್ತು. ಹುಡುಗನನ್ನು ಕಣ್ಣಾರೆ ನೋಡಿದ ಮೇಲೆಯೇ ಹೂಂ ಅನ್ನುವುದು ಎಂದು ಅವಳು ಪಟ್ಟು ಹಿಡಿದಿದ್ದಳು. ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಗಡ್ಡ ತಗದು ಇರ್ರಿ. ನಾ ಮುಖ ನೋಡಾಕ ಬರಾಕತ್ತೀನಿ, ಜಾಲಿಗಿಡ ಅಲ್ಲ.”

ಮಂಗಳವಾರ ಊರಿನ ಸಲೂನುಗಳೆಲ್ಲ ಬಂದ್. ಮನೆಯಲ್ಲಿ ಬ್ಲೇಡು ಎಳೆದುಕೊಂಡರೆ ಅರ್ಧ ತಾಸಿನಲ್ಲಿ ಅವನ ಕೆನ್ನೆ ಹಾಗಲಕಾಯಿಯಂತೆ ಗುಳ್ಳೆ ಏಳುತ್ತಿತ್ತು. ಮಡಚುವ ಹಳೇ ಕಾಲದ ಕತ್ತಿಯಲ್ಲಿ ಬೋಳಿಸಿಕೊಂಡರೆ ಆ ಕಾಟವಿಲ್ಲವೆಂದು ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿ ಅರಿತಿದ್ದ. ಯಾವ ಕತ್ತಿ ಕೊಳ್ಳಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿ ಸಂದೇಶ ಕಳಿಸಿದ:

“ಎಲ್ಲಾರಿಗೂ ನಮಸ್ಕಾರ್ರಿ. ಜೀವನದಾಗ ಮೊದಲನೇ ಸಲ ಕತ್ತಿ ತಗೊಳ್ಳಾಕ ಹೊಂಟೀನಿ. ಎಂಥಾದ್ದು ತಗೋಬೇಕು, ಅನುಭವ ಇದ್ದವರು ಹೇಳ್ರಿ. ಮೂರು ಗಂಟೆದೊಳಗ ಬೇಕು.”

ಓಣಿಯ ಸಲಹೆ ಕೇಳುವುದೆಂದರೆ ಇರುವೆ ಗೂಡಿಗೆ ಬೆಲ್ಲ ಎಸೆದಂತೆ. ಅವನು ಕೊಪ್ಪಳದ ಬಸ್ಸು ಹತ್ತುವಷ್ಟರಲ್ಲಿ ಹದಿನಾಲ್ಕು ಉತ್ತರ ಬಂದಿದ್ದವು.

“ಮೊದಲ ಬಾಯಿ ನೋಡು,” ಎಂದಿದ್ದಳು ಎದುರುಮನೆಯ ಮುದುಕಿ ಯಂಕವ್ವ. “ಆಮ್ಯಾಲೆ ಬೆನ್ನ ಮ್ಯಾಲೆ ಕೈಯಿಟ್ಟು ಒತ್ತು. ಬಾಗಬಾರದು.”

ಕೊಡಲಿ, ಕುಡುಗೋಲಿನ ಧಾರೆಗೂ ಬಾಯಿ ಅನ್ನುತ್ತಾರಲ್ಲ, ಮುದುಕಿ ತಿಳಿದವಳು ಎಂದುಕೊಂಡು ಗೋವಿಂದರಾಜ ಚೀಟಿಯಲ್ಲಿ ಬರೆದುಕೊಂಡ.

ಅದೇ ಓಣಿಯಲ್ಲಿದ್ದ ಅವನ ಕಚೇರಿಯ ಜವಾನ ಯಮನೂರಪ್ಪನ ಉತ್ತರ ಇನ್ನೂ ಉದ್ದವಿತ್ತು. “ಸಾಹೇಬ್ರ, ಹೊಸಬರಿಗೆ ಪಳಗಿದ್ದು ಛಲೋರಿ. ಪಳಗದ್ದು ಯಾವಾಗ ಒದೀತೈತೋ ಹೇಳಾಕ ಬರೂದಿಲ್ಲ. ನೀವೇನು ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ.”

ಕೊಪ್ಪಳದಲ್ಲಿ ಕ್ಷೌರದ ಸಾಮಾನು ಮಾರುವ ನಜೀಬನ ಅಂಗಡಿ ತುಂಬಿತ್ತು. ಸಲೂನಿನವರಿಗೆ ರಜೆ ಇದ್ದ ದಿನವೇ ಅವನಿಗೆ ವ್ಯಾಪಾರ. ಗೋವಿಂದರಾಜ ಚೀಟಿ ನೋಡಿಕೊಂಡು ಕೇಳಿದ: “ಪಳಗಿದ್ದು ಕೊಡ್ರಿ. ಒದಿಯೂದು ಬ್ಯಾಡ.”

ನಜೀಬ ಅವನನ್ನು ಮೇಲಿಂದ ಕೆಳಗೆ ನೋಡಿದ. “ನಮ್ಮಲ್ಲಿ ಯಾವುದೂ ಒದಿಯೂದಿಲ್ರಿ. ಭಾಳಂದ್ರ ಕೊಯ್ತಾವ.”

ಆದರೂ ಒಳ್ಳೆಯ ಮನುಷ್ಯ. ಮೂರು ಕತ್ತಿ ಬಿಚ್ಚಿಟ್ಟು ತಿಳಿಸಿಕೊಟ್ಟ. “ಅಲಗಿನ ಅಗಲ ಇಂಚಿನ ಎಂಟ್ರಾಗ ಐದು ಪಾಲು ಸಾಕು. ಅದಕ್ಕೂ ಅಗಲ ಆದ್ರ ಮೂಗಿನ ಕೆಳಗ ತಿರುಗೂದಿಲ್ಲ. ತುದಿ ದುಂಡಗಿರಲಿ, ಚೂಪಿದ್ದದ್ದು ಹೊಸಬರ ಕಿವಿ ಹುಡುಕ್ಕೊಂಡು ಹೋಗತೈತಿ. ಕೆನ್ನಿಗೆ ಮೂವತ್ತು ಡಿಗ್ರಿ ಓರಿ ಹಿಡೀರಿ. ಪ್ರತಿ ಸಲಾನೂ ಮೊದಲ ತೊಗಲಿನ ಪಟ್ಟಿಗೆ ತೀಡ್ರಿ.”

ಗೋವಿಂದರಾಜ ಬೆನ್ನು ಒತ್ತಿ ನೋಡಿದ. ಬಾಗಲಿಲ್ಲ. ಕತ್ತಿ ಕೊಂಡ.

ಒಂದೂವರೆಗೆ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ನೆರೆದಿದ್ದರು. ಅವನ ಸ್ಕೂಟರಿಗೆ ಬೂದು ಬಣ್ಣದ ಒಂದು ಕತ್ತೆ ಕಟ್ಟಿದ್ದರು.

“ಇದೇನೋ ಯಮನೂರಪ್ಪ?”

“ನೀವು ಕೇಳಿದ ಕತ್ತಿರೀ! ಹಾಲಿನ ಧಂದೆ ಮಾಡ್ತೀರಂತ ತಿಳಿದ್ವಿ. ನಮ್ಮ ಮಾವಂದು. ಕನ್ಯಾದವರು ಬರೂ ದಿನ ಅಂತ ಪುಕ್ಕಟ್ಟೆ ಕೊಟ್ಟಾನ. ವಾಪಸ್ ಕಳಿಸಿದ್ರ ನನ್ನ ಹೇಣ್ತೀನೂ ಅದರ ಹಿಂದ ತವರಿಗೆ ಹೊಕ್ಕಾಳ.”

“ಬಾಯಿ ನಾನ ನೋಡೀನಿ,” ಎಂದಳು ಯಂಕವ್ವ. “ಹಲ್ಲು ಎಲ್ಲಾ ಅದಾವ. ದಿನಾ ಒಂದ್ ಚಮಚಾ ಹಾಲು ನನ್ನ ಮೊಮ್ಮಗಗ ಇರಲಿ.”

ಬರೆಯುವಾಗ ಕತ್ತೆ ಬೇರೆ, ಕತ್ತಿ ಬೇರೆ. ಈ ಸೀಮೆಯ ಬಾಯಲ್ಲಿ ಎರಡೂ ಕತ್ತಿಯೇ. ಹುಟ್ಟಿದಾಗಿನಿಂದ ಹಾಗೆಯೇ ಮಾತಾಡಿದ್ದ ಗೋವಿಂದರಾಜನಿಗೆ ಇದು ಹೊಳೆದದ್ದು ಆಗಲೇ. ಅವನು ಡಬ್ಬಿ ತೆರೆದು ಅಲಗು ಬಿಡಿಸಿ ಎತ್ತಿ ಹಿಡಿದ. “ನಾ ಕೇಳಿದ್ದು ಈ ಕತ್ತಿ!”

ಯಂಕವ್ವ ಕನ್ನಡಕದ ಮೇಲಿಂದ ನೋಡಿದಳು. “ಇಷ್ಟಕ್ಕ ಇಡೀ ಓಣಿ ಎಬ್ಬಿಸಿದೇನು?”

ಕತ್ತೆಯ ವಿಚಾರ ಆಮೇಲೆ ನೋಡಿದರಾಯಿತೆಂದು ಅವನು ಕಟ್ಟೆಯ ಕಂಬಕ್ಕೆ ಕನ್ನಡಿ ತೂಗುಹಾಕಿದ. ಬಿಸಿನೀರು ಕಾಯಿಸಿದ, ಪಟ್ಟಿಗೆ ಕತ್ತಿ ತೀಡಿದ, ಮುಖದ ತುಂಬ ನೊರೆ ಹಚ್ಚಿದ. ಆಟ ನೋಡಲು ನಿಂತ ಜನ ಯಾರೂ ಮನೆಗೆ ಹೋಗಿರಲಿಲ್ಲ. ಅಲಗನ್ನು ಕೆನ್ನೆಗೆ ತರುವಷ್ಟರಲ್ಲಿ ಬಾಗಿಲಿಗೆ ಸ್ಕೂಟಿ ಬಂದು ನಿಂತಿತು. ಗಂಟೆ ಎರಡೂ ನಲವತ್ತು. ದನಗಳಿಗೆ ಲಸಿಕೆ ಹಾಕುವ ಕೆಲಸ ಬೇಗ ಮುಗಿಸಿಕೊಂಡು ಅಮೃತಾ ಬಂದಿದ್ದಳು.

ಅವಳು ನೊರೆ ಹಚ್ಚಿಕೊಂಡವನನ್ನು ನೋಡಿದಳು, ಕತ್ತೆಯನ್ನು ನೋಡಿದಳು, ಕತ್ತೆಯ ಹತ್ತಿರ ಹೋದಳು.

“ಯಾರದಿದು?”

“ಇವಂದ!” ಎಂದಿತು ಓಣಿ.

ಅಮೃತಾ ಅದರ ಹೊಟ್ಟೆ ಸವರಿದಳು. ಅನುಮಾನ ಬಂದು ಚೀಲದಿಂದ ತೋಳುದ್ದದ ಕೈಗವಸು ತೆಗೆದು ಏರಿಸಿಕೊಂಡಳು. ಕನ್ಯೆ ಬಂದ ಮನೆಯಲ್ಲಿ ನಡೆಯಬೇಕಾದ ಉಪ್ಪಿಟ್ಟು, ಚಹಾ ಯಾವುದೂ ನಡೆಯಲಿಲ್ಲ. ಕತ್ತೆಯ ಪರೀಕ್ಷೆ ನಡೆಯಿತು.

“ಗಬ್ಬ ಐತ್ರಿ. ಎರಡು ತಿಂಗಳು. ಹೊರಿ ಹೊರಸಬ್ಯಾಡ್ರಿ.”

ಗೋವಿಂದರಾಜ ವಿಧೇಯನಾಗಿ ತಲೆಯಾಡಿಸಿ ಮತ್ತೆ ಕನ್ನಡಿಗೆ ತಿರುಗಿದ. ಯಂಕವ್ವ ಅವನ ಮುಂಗೈ ಗಪ್ಪನೆ ಹಿಡಿದಳು.

“ಇಡು ಕೆಳಗ! ಬಸರಿ ಇದ್ದಾಗ ಯಜಮಾನ ಗಡ್ಡ ತಗೀತಾನೇನು?”

“ಆಯಿ, ಅದು ಗಂಡಗ ಹೇಳೂ ಮಾತು!”

“ಗಂಡಗೂ ಯಜಮಾನ ಅಂತಾರ, ದನ ಕಟ್ಟಿದವಗೂ ಯಜಮಾನ ಅಂತಾರ. ಮೂಕಪ್ರಾಣಿ ಅಂತ ಸಸಾರ ಮಾಡತೀಯೇನು?”

ಹೌದು ಹೌದು ಎಂದರು ಎಲ್ಲರೂ. ಯಮನೂರಪ್ಪ ನೊರೆ ಒರೆಸಲು ಟವೆಲ್ ತಂದ. ಗೋವಿಂದರಾಜ ಅಮೃತಾಳ ಕಡೆ ತಿರುಗಿದ. “ನೀವರ ಹೇಳ್ರಿ ಇವರಿಗೆ.”

ಅವಳು ತುಟಿ ಕಚ್ಚಿ ನಗು ತಡೆದು ಕೈಗವಸು ಕಳಚಿದಳು. “ಕತ್ತಿ ಛಲೋ ಐತ್ರಿ. ಮಾಲಕನ ಬಗ್ಗೆ, ಮುಖ ಕಂಡ ಮ್ಯಾಲೆ ಹೇಳ್ತೀನಿ.”

ಮೂರಕ್ಕೆ ಸರಿಯಾಗಿ ಅವಳು ಸ್ಕೂಟಿ ತಿರುಗಿಸಿಕೊಂಡು ಕುಷ್ಟಗಿಯ ದಾರಿ ಹಿಡಿದಳು. ಕತ್ತೆಗೆ ದಿನ ತುಂಬಲು ಹನ್ನೆರಡು ತಿಂಗಳು ಬೇಕು; ಗಡ್ಡಕ್ಕೆ ಇನ್ನೂ ಹತ್ತು ತಿಂಗಳು ಉಳಿದಿತ್ತು. ಸಂಜೆ ಐದಕ್ಕೆ ಯಂಕವ್ವ ಹೊಸ ಕತ್ತಿಯಲ್ಲಿ ಹುಲ್ಲಿನ ಸಿವುಡು ಕಟ್ಟಿದ ಹಗ್ಗ ಕೊಯ್ದು ಕತ್ತೆಯ ಮುಂದೆ ಮೇವು ಹಾಕಿದಳು.