ಎಂಟು ಭಾನುವಾರಗಳ ಫ್ರಿಜ್ಜು

ನಮ್ಮ ಸೋದರಮಾವ ಯಾರನ್ನೂ ಬಾಯಿಬಿಟ್ಟು ಮನೆಗೆ ಕರೆದವರಲ್ಲ. ನಮ್ಮನ್ನು ಕರೆದದ್ದೂ ಒಂದೇ ಕಾರಣಕ್ಕೆ: ಅವರ ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೆ! ನಗಬೇಡಿ. ಆ ಉದ್ಯೋಗಕ್ಕಾಗಿ ನಾನು, ನನ್ನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಒಂದೇ ಸ್ಕೂಟರಿನಲ್ಲಿ ರಾಜೀವನಗರದಿಂದ ಚಾಮರಾಜಪುರಂಗೆ ಎಂಟು ಭಾನುವಾರ ಹೋಗಿದ್ದೇವೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮಾವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದು, ಸಂಖ್ಯಾಶಾಸ್ತ್ರವನ್ನು ಅರೆದು ಕುಡಿದು ನಿವೃತ್ತರಾದವರು. ಮಕ್ಕಳಿಲ್ಲ. ಅತ್ತೆ ತೀರಿಕೊಂಡು ವರ್ಷವಾಗಿತ್ತು. ಅತ್ತೆ ಇದ್ದಾಗ ಸಂಜೆಯೊಳಗೆ ಖಾಲಿಯಾಗುತ್ತಿದ್ದ ಅರ್ಧ ಲೀಟರ್ ಹಾಲಿನ ಮೊಸರು ಈಗ ನಾಲ್ಕು ದಿನವಾದರೂ ಮುಗಿಯದೆ ಹುಳಿಯಾಗುತ್ತಿತ್ತು. ಬೇರೆಯವರಾಗಿದ್ದರೆ ತಿನ್ನುವವರು ಕಡಿಮೆಯಾದರು ಎನ್ನುತ್ತಿದ್ದರು. ಮಾವ ಫ್ರಿಜ್ಜನ್ನು ದೂರಿದರು.

"ಮೆಕ್ಯಾನಿಕ್ ಕರೆಸಿ ಮಾವ," ಎಂದೆ.

"ಮೆಕ್ಯಾನಿಕ್ ಊಹೆ ಮಾಡ್ತಾನೆ ಕಣೋ. ನಾವು ಪ್ರಯೋಗ ಮಾಡೋಣ. ಭಾನುವಾರ ಎಲ್ರೂ ಬಂದ್ಬುಡಿ."

ಪ್ರಯೋಗ ಹೀಗಿತ್ತು. ತಂಪು ಹೆಚ್ಚು ಕಡಿಮೆ ಮಾಡುವ ಒಳಗಿನ ತಿರುಪು ಎರಡರಲ್ಲಿರಬೇಕೋ ಐದರಲ್ಲೋ? ಫ್ರಿಜ್ಜು ಗೋಡೆಗೆ ಅಂಟಿಕೊಂಡಿರಬೇಕೋ ಒಂದು ಮೊಳ ದೂರವೋ? ಬಾಗಿಲು ದಿನಕ್ಕೆ ಐದು ಸಲ ತೆಗೆದರೆ ಏನು, ನಲವತ್ತು ಸಲ ತೆಗೆದರೆ ಏನು? ಒಟ್ಟು ಎಂಟು ಬಗೆಯ ಜೋಡಣೆ, ವಾರಕ್ಕೊಂದು. ಸಂಜೆ ಒಳಗಿನ ಥರ್ಮಾಮೀಟರನ್ನು ನಾನು ಓದಬೇಕು. ಮಾವ ಕನ್ನಡಕ ಏರಿಸಿ ಮತ್ತೆ ಓದಿ, ಖಾತ್ರಿಯಾದ ಮೇಲೆ ನೋಟ್‌ಬುಕ್ಕಿಗೆ ಇಳಿಸಬೇಕು.

ಯಾವ ವಾರ ಯಾವ ಜೋಡಣೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿಗೇನು ನನ್ನ ಬೆನ್ನಿನ ಮೇಲೆ ಕರುಣೆಯೇ? ಒಂದು ವಾರ ಗೋಡೆಗೆ, ಮರುವಾರ ದೂರಕ್ಕೆ, ಮತ್ತೆ ಗೋಡೆಗೆ! "ಗೋಡೇವೆಲ್ಲ ಒಟ್ಟಿಗೆ ಮುಗಿಸ್ಬುಡೋಣ ಮಾವ," ಎಂದು ಅಂಗಲಾಚಿದೆ. "ಅದು ಪಕ್ಷಪಾತ ಆಗುತ್ತೆ," ಎಂದರು. ಫ್ರಿಜ್ಜಿಗೂ ನ್ಯಾಯ ಒದಗಿಸುವ ಮನುಷ್ಯ!

ಮೂರನೆಯ ಸಲ ಎಳೆಯುವಾಗ ಸದ್ದು ಕೇಳಿ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಇಣುಕಿದರು. "ಮನೆ ಖಾಲಿ ಮಾಡ್ತಿದ್ದೀರಾ ಸಾರ್?"

"ಅದು ಖಾಲಿ ಆಗಿ ವರ್ಷ ಆಯ್ತು ಕಣಮ್ಮ," ಎಂದರು ಮಾವ, ತಳ್ಳುತ್ತಲೇ. ನಮಗೆ ನಗು ಬರಲಿಲ್ಲ.

ನಲವತ್ತರ ದಿನ ಮಾತ್ರ ಹಬ್ಬ. ಮಕ್ಕಳು ಸರದಿಯಲ್ಲಿ ಬಾಗಿಲು ತೆಗೆದು, ಹತ್ತು ಎಣಿಸಿ ಮುಚ್ಚುತ್ತಿದ್ದರು. "ನಮ್ಮನೇಲಿ ಎರಡು ಸಲ ತೆಗೆದ್ರೆ ನನ್ನತ್ರ ಬೈಸ್ಕೋತಾವೆ. ಇಲ್ಲಿ ತೆಗೀರಿ ಅಂತ ಕಡಲೇಮಿಠಾಯಿ ಬೇರೆ ಕೊಡ್ತೀರಲ್ಲ!" ಎಂದು ನನ್ನ ಹೆಂಡತಿ ಮಾವನ ಮೇಲೆ ರೇಗುತ್ತಿದ್ದಳು. ಐದರ ದಿನ ನಮಗೆ ರಜೆಯೇ ಎಂದು ಕೇಳಿದೆ.

"ಎಲ್ಲಾದ್ರೂ ಉಂಟಾ? ತೆಗೀದೇ ಇರೋದಕ್ಕೂ ಜನ ಬೇಕು ಕಣೋ!"

ಹಾಗಾಗಿ ಆ ದಿನಗಳಲ್ಲಿ ಐವರೂ ಮುಚ್ಚಿದ ಫ್ರಿಜ್ಜಿನ ಮುಂದೆ ಕುಳಿತು, ಐದು ಸಲದ ಲೆಕ್ಕ ಮುಗಿದು ಹಾಲು ತೆಗೆಯುವಂತಿಲ್ಲವಾಗಿ ಬರೀ ಡಿಕಾಕ್ಷನ್ ಕುಡಿದೆವು. ಅವರಿಗೆ ಬೇಕಾಗಿದ್ದದ್ದು ಮನೆಯಲ್ಲಿ ನಾಲ್ಕು ಜನರ ಸದ್ದು ಎಂದು ಆ ಹೊತ್ತಿಗೆ ನಮಗೆ ತಿಳಿದಿತ್ತು. ಅದನ್ನು ಹೇಳಲು ಅವರಿಗೆ ಬಾಯಿರಲಿಲ್ಲ, ಕೇಳಲು ನಮಗೂ ಇರಲಿಲ್ಲ.

ಎಂಟನೆಯ ಭಾನುವಾರ ಮಾವ ಲೆಕ್ಕ ಮುಗಿಸಿ, ಆಫೀಸಿನ ಧ್ವನಿಯಲ್ಲಿ ಫಲಿತಾಂಶ ಓದಿದರು. ತಿರುಪಿನದು ಅಷ್ಟಕ್ಕಷ್ಟೆ. ಗೋಡೆಯದು ಇನ್ನೂ ಕಡಿಮೆ. ತಪ್ಪೆಲ್ಲ ಬಾಗಿಲಿನದು. "ಅಂದ್ರೆ, ಜನ ಬರದೇ ಇದ್ರೆ ಫ್ರಿಜ್ಜು ತುಂಬ ಚೆನ್ನಾಗಿ ಕೆಲ್ಸ ಮಾಡುತ್ತೆ," ಎಂದು ಪೆನ್ನಿಗೆ ಮುಚ್ಚಳ ಹಾಕಿದರು. "ಮುಗೀತು. ಇನ್ಮೇಲೆ ಭಾನುವಾರ ನೀವು ತೊಂದ್ರೆ ತಗೋಬೇಡಿ."

ಮಕ್ಕಳು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಮಾವ, ನಾಲ್ಕನೇ ವಾರ ನಾನು ಅವಸರದಲ್ಲಿ ಓದಿಬುಟ್ಟೆ. ಏಳು ಡಿಗ್ರಿಯೋ ಹತ್ತೋ, ಈಗ ಅನುಮಾನ."

ಅದು ಶುದ್ಧ ಸುಳ್ಳು. ಅವರಿಗೂ ಗೊತ್ತು, ನನ್ನ ಹಿಂದೆಯೇ ನಿಂತು ಅವರೂ ಓದಿದ್ದರಲ್ಲ! ಕಾರ್ಖಾನೆಯಲ್ಲಿ ಯಾರೋ ಒಂದು ಅಂಕಿ ತಿದ್ದಿದ್ದಕ್ಕೆ ಮೇಲಧಿಕಾರಿಯ ಎದುರೇ ವರದಿ ಹರಿದು ಹಾಕಿದ್ದ ಮನುಷ್ಯ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ನಾಲ್ಕನೆಯ ವಾರದ ಸರಿಯಾದ ಅಂಕಿಯ ಮೇಲೆ ತಾವೇ ಗೀಟು ಎಳೆದರು.

"ಒಂದು ತಪ್ಪಾದ್ರೆ ಎಂಟೂ ಮೊದಲಿಂದ ಮಾಡ್ಬೇಕಾಗುತ್ತೆ ಕಣೋ," ಎಂದರು. ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದರು.

"ಮಾಡೋಣ ಮಾವ," ಎಂದೆ.