ಹುಲ್ಲುಹಾಸಿನ ಪಾಚಿ ಮತ್ತು ಕಿತ್ತಳೆ ಹೆಜ್ಜೆಗಳ ಕುರಿತು

ಸಂಖ್ಯೆ: ಹುಹಾ/ಪಾಚಿ/ನೀರು/ಮತ್ತೆ ನೀರು/07
ಸ್ಥಳ: ವೆದರ್‌ಬೆಕ್, ಯಾರ್ಕ್‌ಷೈರ್
ದಿನಾಂಕ: ಏಪ್ರಿಲ್, ಮಳೆ ನಿಂತ ಮಧ್ಯಾಹ್ನ

ಸುತ್ತೋಲೆ

ವಿಷಯ: ಊರಿನ ಚೆಂಡುರುಳಿಸುವ ಆಟದ ಹುಲ್ಲುಹಾಸನ್ನು ಕೆರೆಯ ಸ್ಥಿತಿಯಿಂದ ಹುಲ್ಲಿನ ಸ್ಥಿತಿಗೆ ಮರಳಿ ತರುವ ಬಗ್ಗೆ.

ಉಲ್ಲೇಖ: (1) ಇದೇ ಇಲಾಖೆಯ ಹಿಂದಿನ ಸುತ್ತೋಲೆ, ನೆನೆದು ಓದಲು ಬಾರದಂತಾದದ್ದು.
(2) ನೆರೆಯೂರಾದ ಥಾರ್ನ್‌ಗಿಲ್ ತಂಡದ ನಾಯಕಿ ಶ್ರೀಮತಿ ಡೊರೊತಿ ಹಾರ್ಕರ್ ಅವರು ಬಸ್ ನಿಲ್ದಾಣದಲ್ಲಿ ನಾಲ್ಕು ಜನರೆದುರು ಆಡಿದ ಮಾತು: "ಅಕ್ಕಾ, ಈ ಸಲ ನಿಮ್ಮೂರಲ್ಲಿ ಚೆಂಡು ಉರುಳಿಸ್ತೀರೋ, ತೇಲಿಸ್ತೀರೋ?"

ಮೇ ತಿಂಗಳ ಮೊದಲ ಶನಿವಾರದೊಳಗೆ ಹುಲ್ಲುಹಾಸು ಆಟಕ್ಕೆ ಒದಗದಿದ್ದಲ್ಲಿ ಎರಡೂ ಊರುಗಳ ವಾರ್ಷಿಕ ಪಂದ್ಯವು ಥಾರ್ನ್‌ಗಿಲ್‌ಗೆ ವರ್ಗವಾಗುತ್ತದೆ. ಉಲ್ಲೇಖ (2)ರಲ್ಲಿನ "ಅಕ್ಕ" ಕೆಳಗೆ ಸಹಿ ಮಾಡಿರುವ ಅಧಿಕಾರಿಯೇ ಆಗಿದ್ದು, ಅವರು ಈ ವರ್ಷ ಮೊದಲ ಬಾರಿಗೆ ನಮ್ಮ ತಂಡದ ನಾಯಕಿಯಾಗಿರುವುದನ್ನು ಕೇವಲ ಕಾಕತಾಳೀಯವೆಂದು ಪರಿಗಣಿಸತಕ್ಕದ್ದು. ಆದುದರಿಂದ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ:

1. ಮಾರ್ಚ್‌ನಲ್ಲಿ ಸೂರ್ಯನು ಅರೆಗಳಿಗೆ ಕಾಣಿಸಿಕೊಂಡ ಏಕೈಕ ಕಾರಣಕ್ಕೆ ಇಡೀ ಊರು ಮಡಚು ಕುರ್ಚಿ, ಟೀ ಪಾತ್ರೆಗಳೊಂದಿಗೆ ಹುಲ್ಲಿನ ಮೇಲೆ ನೆರೆದು, ಕುರ್ಚಿ ಸಮೇತ ಕೆಸರಿಗಿಳಿದ ಘಟನೆಯನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಮುಂದಿನ ಆದೇಶದವರೆಗೆ ಬಿಸಿಲನ್ನು ರಸ್ತೆಯಲ್ಲೇ ನಿಂತು ಕಾಯಿಸಿಕೊಳ್ಳತಕ್ಕದ್ದು. ಕಾಣೆಯಾದ ಕುರ್ಚಿಗಳು ನೀರಿಳಿದ ಮೇಲೆ ತಾವಾಗಿ ಹಾಜರಾಗುತ್ತವೆ.

2. ಹುಲ್ಲು ತುಳಿದವರು ಅದರ ಬಳಿ "ಸಾರಿ" ಕೇಳಕೂಡದು. ಕೇಳಿ ಮುಗಿಯುವವರೆಗೂ ಅಲ್ಲೇ ನಿಲ್ಲುವುದರಿಂದ ಹಾನಿ ಹೆಚ್ಚುತ್ತಿದೆ. ತಡೆಯಲಾಗದವರು ಬೇಲಿಯಾಚೆಯಿಂದ ಕೇಳಬಹುದು.

3. ಪಾಚಿಗೆ ಅನ್ನಭೇದಿಯ (ಕಬ್ಬಿಣದ ಲವಣದ) ನೀರು ಚಿಮುಕಿಸಲಾಗಿದ್ದು, ಅದು ಕಪ್ಪಾಗಿ ಸಾಯುತ್ತಿದೆ. ಪಾದ್ರಿಗಳು ಅದಕ್ಕಾಗಿ ಪ್ರಾರ್ಥಿಸುವ ಅಗತ್ಯವಿಲ್ಲ. "ಹಸಿರಾಗೇ ಇತ್ತಲ್ಲ ತಾಯೀ, ಪಾಚಿ ಆದ್ರೇನಂತೆ?" ಎಂಬ ಅವರ ಅಹವಾಲನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

4. ಸತ್ತ ಪಾಚಿಯನ್ನು ಹಲುಬೆಯಿಂದ ಕೆರೆದು ತೆಗೆಯತಕ್ಕದ್ದು. ಆಮೇಲೆ ಹುಲ್ಲುಹಾಸು ಕ್ಷೌರ ಕೆಟ್ಟ ತಲೆಯಂತೆ ಕಾಣುವುದು. ಅದನ್ನು ನೋಡಿ "ಪರವಾಗಿಲ್ಲ" ಎನ್ನುವುದು ಕಡ್ಡಾಯ. "ಬಹಳ ಚೆನ್ನಾಗಿದೆ" ಎನ್ನುವವರನ್ನು ಹೊರಗಿನವರೆಂದು ಶಂಕಿಸಲಾಗುವುದು.

5. ನಿಂತ ನೀರಿನಲ್ಲಿ ವಾಸವಿರುವ ಬಾತುಕೋಳಿ ದಂಪತಿಗೆ ತೆರವು ನೋಟಿಸು ನೀಡಲಾಗಿದೆ. ಅವರು ಅದನ್ನು ತಿಂದಿರುವುದರಿಂದ ಸ್ವೀಕರಿಸಿದ್ದಾರೆಂದು ಭಾವಿಸಲಾಗಿದೆ.

6. ನೀರಿಳಿಯಲು ನೆಲವನ್ನು ನಾಲ್ಕು ಮೊನೆಯ ತೋಟದ ಫೋರ್ಕಿನಿಂದ ಚುಚ್ಚಿ, ತೂತುಗಳಿಗೆ ಮರಳು ತುಂಬುವಂತೆ ಆದೇಶಿಸಲಾಗಿತ್ತು. ಸ್ವಯಂಸೇವಕರು ಬಂದರು, ಟೀ ಕುಡಿದರು, ಮೋಡ ನೋಡಿದರು, ಹೋದರು. ಆದಾಗ್ಯೂ, ಭಾನುವಾರ ಊರಿಗೆ ಊರೇ ಮಾಂಸದೂಟಕ್ಕೆ ಕುಳಿತು ಏಳುವಷ್ಟರಲ್ಲಿ ಅರ್ಧ ಹುಲ್ಲುಹಾಸು ಅಚ್ಚುಕಟ್ಟಾಗಿ ಚುಚ್ಚಲ್ಪಟ್ಟು, ಮರಳು ತುಂಬಲ್ಪಟ್ಟು, ನೀರು ಗುಳುಗುಳು ಎಂದು ಇಳಿಯುತ್ತಿರುವುದು ಕಂಡುಬಂದಿತು.

7. ಅನ್ನಭೇದಿ ತುಳಿದ ಬೂಟು ಕಲ್ಲಿನ ಮೇಲೆ ತುಕ್ಕಿನ ಕಲೆ ಬಿಡುತ್ತದೆ. ಮರುದಿನ ಮೂಡಿದ ಸದರಿ ಕಿತ್ತಳೆ ಹೆಜ್ಜೆಗಳನ್ನು ಇಲಾಖೆಯು ಹಿಂಬಾಲಿಸಿತು. ಅವು ಚರ್ಚಿನ ಗೇಟು ದಾಟಿ, ಪಬ್ಬಿನ ಮುಂದೆ ಸ್ವಲ್ಪ ಯೋಚಿಸಿ, ಥಾರ್ನ್‌ಗಿಲ್ ಬಸ್ಸು ನಿಲ್ಲುವಲ್ಲಿ ಮುಗಿದವು. ಎಡಗಾಲು ತುಸು ಒಳಕ್ಕೆ ತಿರುಗಿತ್ತು. ಆ ಎಡಗಾಲು ಅಂಬೆಗಾಲಿಡುತ್ತಿದ್ದಾಗಿನಿಂದಲೂ ಕೆಳಸಹಿದಾರರಿಗೆ ಪರಿಚಿತ.

8. ವಿಚಾರಣೆಯಲ್ಲಿ ಶ್ರೀಮತಿ ಹಾರ್ಕರ್ ನೀಡಿದ ಹೇಳಿಕೆ: "ನಮ್ಮೂರಲ್ಲಿ ಗೆದ್ರೆ ಏನ್ ಮಜಾ ಅಕ್ಕಾ? ಮಳೆ ಬಂದಿದ್ದಕ್ಕೆ ಗೆದ್ಲು ಅಂತ ಸಾಯೋವರೆಗೂ ಹೇಳ್ಕೊಂಡು ತಿರುಗ್ತೀಯ. ನಿನ್ನ ಹುಲ್ಲಿನ ಮೇಲೇ ನಿನ್ನ ಸೋಲಿಸ್ಬೇಕು." ಅಲ್ಲಿ ಸೋತಿದ್ದರೆ ಕೆಳಸಹಿದಾರರು ಹಾಗೆಯೇ ಹೇಳಿಕೊಂಡು ತಿರುಗುತ್ತಿದ್ದರೆಂಬುದನ್ನು ಇಲಾಖೆಯು ಒಪ್ಪಿದೆ.

9. ಅಕ್ರಮ ಪ್ರವೇಶಕ್ಕೆ ದಂಡವಾಗಿ ಅವರು ಉಳಿದರ್ಧವನ್ನೂ ಚುಚ್ಚತಕ್ಕದ್ದು. ಮೇಲ್ವಿಚಾರಣೆಗಾಗಿ ಕೆಳಸಹಿದಾರರು ಇನ್ನೊಂದು ಫೋರ್ಕ್ ಹಿಡಿದು ಪಕ್ಕದಲ್ಲೇ ಹಾಜರಿರುತ್ತಾರೆ. ಆ ವೇಳೆ ಎದುರಾಳಿ ನಾಯಕಿಯರು ಪರಸ್ಪರ ಮಾತನಾಡಕೂಡದು. ಈ ನಿಯಮ ಪಾಲನೆಯಾಗುವುದಿಲ್ಲವೆಂದು ಮುಂಚಿತವಾಗಿಯೇ ದಾಖಲಿಸಲಾಗಿದೆ.

ಸಹಿ/-
ವಿನಿಫ್ರೆಡ್ ಮೆಟ್ಕಾಫ್
ಹುಲ್ಲುಹಾಸು ಅಧಿಕಾರಿ (ಪ್ರಭಾರ)

ಪ್ರತಿಗಳು:
ಪಾದ್ರಿಗಳಿಗೆ, ಪ್ರಾರ್ಥನೆಯನ್ನು ಮಳೆ ನಿಲ್ಲಿಸುವ ಕಡೆಗೆ ತಿರುಗಿಸುವ ಕೋರಿಕೆಯೊಂದಿಗೆ.
ಬಾತುಕೋಳಿ ದಂಪತಿಗೆ, ಈ ಬಾರಿ ದಪ್ಪ ರಟ್ಟಿನ ಮೇಲೆ.
ಕಡತಕ್ಕೆ, ಒಣಗಿದ ನಂತರ.
ಶ್ರೀಮತಿ ಡೊರೊತಿ ಹಾರ್ಕರ್ ಅವರಿಗೆ: ಹಳೆಯ ಬೂಟು ಹಾಕಿಕೊಂಡು ಬರತಕ್ಕದ್ದು. ಶುಂಠಿ ಕೇಕು ಇರುತ್ತದೆ. ದಾರಿಯ ಗುರುತಿಗೆ ತಮ್ಮ ಹೆಜ್ಜೆಗಳನ್ನು ಉಜ್ಜದೆ ಉಳಿಸಲಾಗಿದೆ.