ಬೈಯುವ ಕುರ್ಚಿ

ಲಕ್ಷ್ಮಯ್ಯನವರ ಮಹಡಿ ಮನೆಯ ಬಾಡಿಗೆದಾರ ಮುರಿಗೆಪ್ಪನಿಗೆ ಟಿವಿಯಲ್ಲಿ ಬೈಯುವ ಕೆಲಸ. ಹೆಸರಿನ ಕೆಳಗೆ ‘ರಾಜಕೀಯ ವಿಶ್ಲೇಷಕ’ ಎಂದು ಬರುತ್ತಿತ್ತು. ರಾಜಗೋಪಾಲನಗರದ ಆ ಬೀದಿಯಲ್ಲಿ ಅವನ ಧ್ವನಿ ಕೇಳಿದವರಿಲ್ಲ. ನೀರಿನ ಟ್ಯಾಂಕರ್ ಬಂದರೆ ಎಲ್ಲರ ಹಿಂದೆ ಬಿಂದಿಗೆ ಹಿಡಿದು ನಿಂತು, ಎಲ್ಲರೂ ತುಂಬಿಸಿಕೊಂಡ ಮೇಲೆ ಖಾಲಿ ಬಿಂದಿಗೆಯೊಂದಿಗೆ ಮೆಟ್ಟಿಲು ಹತ್ತುವವನು. ಟಿವಿಯಲ್ಲಿ ಮಾತ್ರ ಪೀಣ್ಯದ ಕಾರ್ಖಾನೆಯ ಪವರ್ ಪ್ರೆಸ್ಸಿನ ಹಾಗೆ ಮೇಜು ಕುಟ್ಟುತ್ತಿದ್ದ.

ಹಿಂದಿನ ಸಂಜೆ ಅವನು ಕುಟ್ಟಿದ್ದು ಕಾರ್ಪೊರೇಟರ್ ವೆಂಕಟೇಶಪ್ಪನವರನ್ನು. ಅವರೇ ಇವತ್ತು ಐದು ಗಂಟೆಗೆ ಬೀದಿಗೆ ಬೋರ್‌ವೆಲ್ ಲಾರಿ ತರಿಸಿ ಪೂಜೆ ಮಾಡುವವರಿದ್ದರು.

ಬೆಳಿಗ್ಗೆ ಲಕ್ಷ್ಮಯ್ಯ ಹಾಲು ತರಲು ಬಾಗಿಲು ತೆಗೆದರೆ ಎದುರು ಮನೆಯ ಮುನಿಯಣ್ಣ ಮೆಟ್ಟಿಲ ಮೇಲೆ ಕೂತಿದ್ದ.

“ಲಕ್ಷ್ಮಯ್ಯಣ್ಣ, ಎಣಿಸಿವ್ನಿ. ಹನ್ನೊಂದು ಸಲ ಹೆಸರಿಡಿದು ಬೈದವ್ನೆ.”

“ನಾನೇನ್ ಮಾಡ್ಲಪ್ಪ? ನಾನಾ ಬೈದಿದ್ದು?”

“ನಿಮ್ಮನೇಲಿ ಇದ್ಕೊಂಡು ತಾನೆ ಬೈದಿದ್ದು? ನೀವೇ ಹೇಳ್ಕೊಟ್ಟಿರೋದು ಅಂತಾವ್ರೆ ಜನ. ಬೋರು ತಪ್ಪೋದ್ರೆ ಬೀದಿ ಹೆಂಗಸ್ರೆಲ್ಲ ಬಿಂದಿಗೆ ತಂದು ನಿಮ್ಮ ಬಾಗಿಲಿಗೆ ಇಡ್ತಾರೆ.”

“ಮೊದಲನೇ ಬಿಂದಿಗೆ ನಂದೇ,” ಎಂದರು ಒಳಗಿನಿಂದ ಲಕ್ಷ್ಮಯ್ಯನವರ ಹೆಂಡತಿ ಭಾಗ್ಯಮ್ಮ.

ಲಕ್ಷ್ಮಯ್ಯ ಮಹಡಿ ಹತ್ತಿದರು. ಮುರಿಗೆಪ್ಪ ಲುಂಗಿ ಉಟ್ಟು ಕೋಟಿಗೆ ಇಸ್ತ್ರಿ ಮಾಡುತ್ತಿದ್ದ.

“ಅಲ್ಲಪ್ಪಾ, ವೆಂಕಟೇಶಪ್ಪ ನಿಂಗೇನ್ ಮಾಡಿದ್ರು?”

“ಏನೂ ಮಾಡಿಲ್ರಿ ಸರ. ಬೈಲಿಕ್ಕೆ ಒಂದು ಹೆಸರು ಬೇಕಾಗಿತ್ತು. ಬಸ್ ಸ್ಟಾಪಿನ ಫ್ಲೆಕ್ಸಿನ್ಯಾಗ ನೋಡಿದ್ದು ನೆನಪಾತು.”

“ಅವರ ಪಕ್ಷದ ಮೇಲೆ ಅಷ್ಟೊಂದು ಸಿಟ್ಟಾ?”

“ಸಿಟ್ಟು ನಂದಲ್ರಿ, ಕುರ್ಚೀದು. ಎಡಗಡೆ ಕೂಡಿಸಿದ್ರ ಬೈಬೇಕು, ಬಲಗಡೆ ಕೂಡಿಸಿದ್ರ ಹೊಗಳಬೇಕು. ಹೋದ ವರ್ಷ ಇನ್ನೊಂದು ಚಾನೆಲ್‌ನಾಗ ಬಲಗಡೆ ಇದ್ದೆ. ಗಂಟಲಿಗೆ ಭಾಳ ಆರಾಮಿತ್ತು.”

“ನಿನ್ನ ಓಟು ಯಾರಿಗೆ ಹಾಗಾದ್ರೆ?”

“ಪಟ್ಟ್ಯಾಗ ಹೆಸರು ಇನ್ನೂ ಬಂದಿಲ್ರಿ.”

ಲಕ್ಷ್ಮಯ್ಯ ಕೈ ಮುಗಿದರು. “ಇವತ್ತೊಂದಿನ ಬಲಗಡೆ ಕೂತ್ಕೊಳಪ್ಪ. ಬೀದಿ ನೀರಿನ ವಿಷಯ.”

ಮುರಿಗೆಪ್ಪ ಚಾನೆಲ್‌ಗೆ ಫೋನ್ ಮಾಡಿದ. ಬಲಗಡೆಯವರು ನಾದಿನಿ ಮದುವೆಗೆ ಹೋಗಿದ್ದರಂತೆ, ಕುರ್ಚಿ ಖಾಲಿಯಿತ್ತು. “ಐದಕ್ಕ ಟಿವಿ ಹಚ್ಚಿ ನೋಡ್ರಿ ಸರ,” ಎಂದ.

ಲಕ್ಷ್ಮಯ್ಯ ಈ ಗುಟ್ಟನ್ನು ಮುನಿಯಣ್ಣನೊಬ್ಬನಿಗೇ ಹೇಳಿದರು. ಮಧ್ಯಾಹ್ನದೊಳಗೆ ಬೀದಿಯೆಲ್ಲ ಬಾಗಿಲಿಗೆ ಬಂತು. ಮೂಲೆ ಮನೆಯ ಮರಿಯಮ್ಮನಿಗೆ ಚರಂಡಿಯ ಮಾತೂ ಟಿವಿಯಲ್ಲಿ ಬರಬೇಕಿತ್ತು. ಇನ್ನೊಬ್ಬರಿಗೆ ಲೈಟು ಕಂಬ, ಮತ್ತೊಬ್ಬರಿಗೆ ಮೊಮ್ಮಗನ ಹುಟ್ಟುಹಬ್ಬ. “ಅದು ಸುದ್ದಿ ಕಣ್ರಮ್ಮ, ಅರ್ಜಿ ಅಲ್ಲ,” ಎಂದು ಹೇಳಿ ಹೇಳಿ ಲಕ್ಷ್ಮಯ್ಯನವರಿಗೆ ಸಾಕಾಯಿತು. ಅಷ್ಟರಲ್ಲಿ ಮುನಿಯಣ್ಣ ಲಕ್ಷ್ಮಯ್ಯನವರ ಟಿವಿಯನ್ನೇ ಹೊತ್ತುಕೊಂಡು ಹೋಗಿ, ಬೋರು ಕೊರೆಯುವ ಜಾಗದ ಪಕ್ಕ ಸ್ಟೂಲಿನ ಮೇಲೆ ಇಟ್ಟಿದ್ದ. ಕಾರ್ಪೊರೇಟರು ಕಣ್ಣಾರೆ ನೋಡಲಿ ಎಂದು.

ಐದಕ್ಕೆ ಸರಿಯಾಗಿ ಲಾರಿ ಬಂತು. ಹಿಂದೆಯೇ ವೆಂಕಟೇಶಪ್ಪ, ಮುಖದ ತುಂಬ ನಗು. ಅವರು ಕಾಯಿ ಕೈಗೆತ್ತಿಕೊಳ್ಳುವಾಗ ಟಿವಿಯಲ್ಲಿ ಮುರಿಗೆಪ್ಪ ಮೇಜು ಕುಟ್ಟಿದ.

“ವೆಂಕಟೇಶಪ್ಪನವರು ಈ ನಗರದ ಆಸ್ತಿ. ಅಂಥ ಸಜ್ಜನರನ್ನು ನಾನು ನೋಡಿಲ್ಲ.”

ಲಕ್ಷ್ಮಯ್ಯ ಹೆಮ್ಮೆಯಿಂದ ಕಾರ್ಪೊರೇಟರ ಮುಖ ನೋಡಿದರು. ಅದು ತಣ್ಣೀರು ಬಿದ್ದ ಹಾಲಿನುಕ್ಕಿನ ಹಾಗೆ ಇಳಿದುಹೋಗಿತ್ತು.

“ಯಾರ್ರೀ ಇವನಿಗೆ ಹೊಗಳು ಅಂದಿದ್ದು?”

“ನಾನೇ ಅಣ್ಣ.”

“ಹಾಳ್ಮಾಡಿಬಿಟ್ರಲ್ರೀ. ಹದಿನೈದು ವರ್ಷ ಪಕ್ಷಕ್ಕೆ ದುಡಿದೆ, ಮೇಲಿನವರಿಗೆ ನನ್ನ ಹೆಸರೇ ಗೊತ್ತಿರ್ಲಿಲ್ಲ. ನಿನ್ನೆ ಇವನು ಬೈದ, ಬೆಳಿಗ್ಗೆನೇ ಫೋನ್ ಬಂತು. ‘ಆ ಕಡೆಯವರು ಇಷ್ಟು ಉರ್ಕೊಳ್ತಾರೆ ಅಂದ್ರೆ ನೀವು ದೊಡ್ಡ ಲೀಡರೇ. ಎಮ್ಮೆಲ್ಲೆ ಟಿಕೆಟಿಗೆ ನಿಮ್ಮ ಹೆಸರು ನೋಡ್ತಿದೀವಿ’ ಅಂದ್ರು. ನಿನ್ನೆ ಬೈದೋನೇ ಇವತ್ತು ಹೊಗಳಿದ್ರೆ? ನಾನು ಒಳಗೊಳಗೇ ಆ ಕಡೆ ಸೇರ್ಕೊಂಡೆ ಅನ್ನಲ್ವಾ?”

ಜೇಬಿನಲ್ಲಿ ಅವರ ಫೋನು ಹೊಡೆದುಕೊಳ್ಳತೊಡಗಿತು. ನಂಬರು ನೋಡಿ ಎತ್ತದೆ ಹಾಗೇ ಒಳಗಿಟ್ಟರು. ಟಿವಿಯ ಕೆಳತುದಿಯಲ್ಲಿ ವೀಕ್ಷಕರು ಕರೆ ಮಾಡುವ ನಂಬರು ಓಡುತ್ತಿತ್ತು.

“ಲಕ್ಷ್ಮಯ್ಯ, ಈಗ್ಲೇ ಫೋನ್ ಮಾಡಿ ಲೈವಲ್ಲಿ ನನ್ನ ಬೈರಿ. ಚೆನ್ನಾಗಿ ಬೈದ್ರೆ ಬೋರು. ಇಲ್ಲಾಂದ್ರೆ ಲಾರಿ ವಾಪಸ್ಸು.”

ಲಕ್ಷ್ಮಯ್ಯ ಜೀವಮಾನದಲ್ಲಿ ಬೀದಿನಾಯಿಗೂ ಬೈದವರಲ್ಲ. ಆದರೂ ನಂಬರು ಒತ್ತಿದರು. ಆರನೇ ಸಲಕ್ಕೆ ಸಿಕ್ಕಿತು.

“ಸಾರ್, ರಾಜಗೋಪಾಲನಗರದಿಂದ. ಈ ವೆಂಕಟೇಶಪ್ಪ... ಅಷ್ಟು ಒಳ್ಳೆಯವರಲ್ಲ ಸಾರ್.”

ಜೋರಾಗಿ, ಎಂದು ಕಾರ್ಪೊರೇಟರು ಕೈಸನ್ನೆ ಮಾಡಿದರು. “ಸರ್ವಾಧಿಕಾರಿ ಅನ್ರಿ. ಯಾರಿಗೂ ಹೆದರಲ್ಲ ಅನ್ರಿ,” ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ಲಕ್ಷ್ಮಯ್ಯನವರಿಗೆ ಅಷ್ಟು ದೊಡ್ಡ ಮಾತು ನಾಲಿಗೆಗೆ ಬರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಬಂತು. “ಏಳು ವರ್ಷದಿಂದ ಬೋರು ಬೋರು ಅಂತ ಸುತ್ತಿಸ್ತಾವ್ರೆ ಸಾರ್. ಎರಡು ಸಲ ಪೂಜೆ ಮಾಡಿ, ಫೋಟೋ ಹೊಡೆಸ್ಕೊಂಡು ಹೋದ್ರು. ಕೊರೆಸ್ಲಿಲ್ಲ. ಯಾಕೆ ಕೊರೆಸ್ತಾರೆ? ಇಲ್ಲಿಗೆ ಬರೋ ಟ್ಯಾಂಕರು ಅವರ ಬಾಮೈದಂದು.”

“ಚರಂಡೀದೂ ಹೇಳಣ್ಣ,” ಎಂದಳು ಮರಿಯಮ್ಮ.

“ಚರಂಡೀನೂ ಸಾರ್. ಬಿಲ್ಲು ಪಾಸಾಗೈತೆ, ಚರಂಡಿ ಆಗಿಲ್ಲ.” ಲಕ್ಷ್ಮಯ್ಯ ಸ್ಟೂಲು ಕುಟ್ಟಿದರು. ಟಿವಿ ಅಲ್ಲಾಡಿತು. ಬೀದಿ ಚಪ್ಪಾಳೆ ತಟ್ಟಿತು. “ಹೇಳಿ ಸಾರ್, ಹೇಳಿ, ಇಡೀ ರಾಜ್ಯ ಕೇಳ್ತಾ ಇದೆ,” ಎನ್ನುತ್ತಿದ್ದ ಟಿವಿಯವನು.

ವೆಂಕಟೇಶಪ್ಪ ಫೋನು ಕಿತ್ತುಕೊಂಡು ಕಟ್ ಮಾಡಿದರು. ಸಿಟ್ಟಿಗಿಂತ ಹೆಚ್ಚಾಗಿ ನೊಂದವರ ಹಾಗೆ ಲಕ್ಷ್ಮಯ್ಯನವರನ್ನು ನೋಡಿದರು.

“ಬೈರಿ ಅಂದೆ ಕಣ್ರೀ. ನಿಜ ಹೇಳಿ ಅಂದ್ನಾ?”

ಲಾರಿ ರಿವರ್ಸ್ ತೆಗೆದುಕೊಂಡು ಬೀದಿ ದಾಟಿತು. ಈ ಸಲ ಪೂಜೆಯೂ ಆಗಲಿಲ್ಲ.